ಬಲರೇಖೆ ನಿಜವಾಗಿ ಇದೆಯಾ, ಟೀಚರ್?

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಅಯಸ್ಕಾಂತದ್ದೇ. ಹತ್ತನೇ ಕ್ಲಾಸಿನವರಿಗೆ ಆ ಪಾಠ ನಡೆಯುತ್ತಿರಬೇಕು. ಆದರೆ ದೊಡ್ಡವರೂ ಬರೆದಿದ್ದಾರೆ, ಅದು ನನಗೆ ತುಂಬಾ ಖುಷಿ. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಇವತ್ತು ಇದನ್ನೇ ಹಿಡಿದು ಕೂರೋಣ. ಓದುವಾಗ ಪಕ್ಕದಲ್ಲಿ ಒಂದು ಅಯಸ್ಕಾಂತ ಇರಲಿ. ಕೆಟ್ಟುಹೋದ ಸ್ಪೀಕರಿನಿಂದ ತೆಗೆದ ರಿಂಗ್ ಆದರೂ ಸಾಕು.

ಪ್ರಶ್ನೆ: ಟೀಚರ್, ಪುಸ್ತಕದಲ್ಲಿ ಅಯಸ್ಕಾಂತದ ಸುತ್ತ ಗೆರೆ ಗೆರೆ ಚಿತ್ರ ಇದೆ. ಬಲರೇಖೆ ಅಂತಾರೆ. ಅವು ನಿಜವಾಗಿ ಇವೆಯಾ? ಇದ್ದರೆ ಎರಡು ಗೆರೆಗಳ ನಡುವಿನ ಖಾಲಿ ಜಾಗದಲ್ಲಿ ಏನೂ ಇಲ್ಲವಾ? (ಹತ್ತನೇ ತರಗತಿ ವಿದ್ಯಾರ್ಥಿನಿ, ಪೊನ್ನಂಪೇಟೆ)

ಉತ್ತರ: ನಿನ್ನ ಎರಡನೇ ಪ್ರಶ್ನೆ ಇದೆಯಲ್ಲಾ ಮಗು, ಅದನ್ನು ಕೇಳುವವರು ತುಂಬಾ ಕಡಿಮೆ. ಗೆರೆ ಬರೆದು ಬಾಣ ಹಾಕಿ ಎರಡು ಅಂಕ ತೆಗೆದುಕೊಂಡು ಮುಂದೆ ಹೋಗುತ್ತಾರೆ. ಗೆರೆಗಳು ಇಲ್ಲ. ಕ್ಷೇತ್ರ ಇದೆ. ಈ ಎರಡನ್ನೂ ಬೇರೆ ಮಾಡಿಕೊಂಡರೆ ಇಡೀ ಪಾಠ ಸಲೀಸಾಗುತ್ತೆ.

ಒಂದು ಸಣ್ಣ ದಿಕ್ಸೂಚಿ ತೆಗೆದುಕೋ. ಅಯಸ್ಕಾಂತದ ಪಕ್ಕ ಎಲ್ಲಾದರೂ ಇಡು. ಮುಳ್ಳು ಒಂದು ಕಡೆ ತಿರುಗಿ ನಿಲ್ಲುತ್ತೆ. ಅದನ್ನು ಅರ್ಧ ಸೆಂಟಿಮೀಟರ್ ಸರಿಸು, ಮುಳ್ಳು ಸ್ವಲ್ಪ ವಾಲುತ್ತೆ. ಇನ್ನೂ ಸ್ವಲ್ಪ ಸರಿಸು, ಇನ್ನೂ ಸ್ವಲ್ಪ ವಾಲುತ್ತೆ. ಮುಳ್ಳಿಗೆ ಏನೂ ಅನ್ನಿಸದ ಖಾಲಿ ಪಟ್ಟಿ ಅಂತ ಗೆರೆಗಳ ನಡುವೆ ಎಲ್ಲೂ ಸಿಗಲ್ಲ. ಜಾಗದ ಪ್ರತಿ ಚುಕ್ಕೆಗೂ ಒಂದು ದಿಕ್ಕು, ಒಂದು ಬಲ ಇದೆ. ಅದೇ ಕಾಂತಕ್ಷೇತ್ರ. ಆ ಮುಳ್ಳು ನಿಂತ ಕಡೆಯಲ್ಲೆಲ್ಲಾ ಪೆನ್ಸಿಲಿನಿಂದ ಚುಕ್ಕೆ ಇಟ್ಟು, ಒಂದು ಚುಕ್ಕೆಯ ತುದಿಯಿಂದ ಇನ್ನೊಂದಕ್ಕೆ ಸೇರಿಸುತ್ತಾ ಹೋದರೆ ನಮಗೆ ಒಂದು ಗೆರೆ ಸಿಗುತ್ತೆ. ಆ ಗೆರೆ ನಾವು ಬರೆದದ್ದು. ಬೆಟ್ಟದ ನಕ್ಷೆಯಲ್ಲಿ ಎತ್ತರ ತೋರಿಸಲು ಗೆರೆ ಹಾಕುತ್ತಾರಲ್ಲ, ಬ್ರಹ್ಮಗಿರಿಗೆ ಹೋಗಿ ಹುಡುಕಿದರೆ ಆ ಗೆರೆ ಹುಲ್ಲಿನ ಮೇಲೆ ಸಿಗಲ್ಲ, ಆದರೆ ಏರು ಮಾತ್ರ ಎಲ್ಲಾ ಕಡೆ ಇದೆ, ಕಾಲಿಗೆ ಗೊತ್ತಾಗುತ್ತೆ. ಇದೂ ಹಾಗೇ.

ಆದರೆ ಕಬ್ಬಿಣದ ಪುಡಿ ಉದುರಿಸಿದಾಗ ಗೆರೆ ಕಾಣುತ್ತಲ್ಲಾ ಅಂತ ನೀನು ಕೇಳಬಹುದು. ಕಾಣುತ್ತೆ. ಕ್ಷೇತ್ರದ ಒಳಗೆ ಬಂದ ಒಂದೊಂದು ಚೂರೂ ತಾನೇ ಪುಟ್ಟ ಅಯಸ್ಕಾಂತ ಆಗುತ್ತೆ. ಒಂದರ ಬಾಲಕ್ಕೆ ಇನ್ನೊಂದರ ತಲೆ ಅಂಟುತ್ತೆ. ಹಾಗೆ ಸಾಲುಗಟ್ಟಿದ ಮೇಲೆ ಪಕ್ಕದ ಸಾಲು ಸ್ವಲ್ಪ ದೂರ ಸರಿಯುತ್ತೆ. ಸಾಲು ಪುಡಿಯದ್ದು. ಕಾಗದ ತಟ್ಟಿ ಇನ್ನೊಂದು ಸಲ ಉದುರಿಸು, ಸಾಲುಗಳು ಬೇರೆ ಜಾಗದಲ್ಲಿ ಬರುತ್ತವೆ, ಒಟ್ಟು ಆಕಾರ ಮಾತ್ರ ಅದೇ.

ಇದನ್ನು ಓದಿ ಬಿಡಬೇಡ, ಮಾಡು. ಪುಡಿಗೆ ದುಡ್ಡು ಕೊಡಬೇಕಾಗಿಲ್ಲ. ಗ್ರಿಲ್ ಕೆಲಸದ ವೆಲ್ಡಿಂಗ್ ಶಾಪಿನ ನೆಲದಲ್ಲಿ ಬೇಕಾದಷ್ಟು ಇರುತ್ತೆ. ಅಯಸ್ಕಾಂತವನ್ನು ಪ್ಲಾಸ್ಟಿಕ್ ಕವರಿನೊಳಗೆ ಹಾಕಿ ನೆಲದ ಮೇಲೆ ಆಡಿಸಿದರೆ ಪುಡಿ ಕವರಿಗೆ ಮೆತ್ತಿಕೊಳ್ಳುತ್ತೆ, ಅಯಸ್ಕಾಂತ ಹೊರಗೆ ಎಳೆದರೆ ಪುಡಿ ಕೆಳಗೆ ಬೀಳುತ್ತೆ. ಕವರ್ ಇಲ್ಲದೆ ಮಾಡಿದರೆ ಅಯಸ್ಕಾಂತದಿಂದ ಪುಡಿ ಬಿಡಿಸುವುದರಲ್ಲೇ ಸಂಜೆ ಆಗುತ್ತೆ. ಪುಡಿಯನ್ನು ಬಿಗಿ ಮುಚ್ಚಳದ ಡಬ್ಬದಲ್ಲಿ ಇಡು. ನಮ್ಮ ಮಳೆಗಾಲದಲ್ಲಿ ಹೊರಗೆ ಬಿಟ್ಟರೆ ಬೇಗ ತುಕ್ಕು ಹಿಡಿಯುತ್ತೆ, ತುಕ್ಕು ಹಿಡಿದ ಪುಡಿಯನ್ನು ಅಯಸ್ಕಾಂತ ಅಷ್ಟಾಗಿ ಎಳೆಯಲ್ಲ.

ಪರೀಕ್ಷೆಗೆ ಬೇಕಾದ ಮಾತೂ ಇಲ್ಲೇ ಇದೆ. ಬಲರೇಖೆಗಳು ಒಂದನ್ನೊಂದು ಏಕೆ ದಾಟಲ್ಲ? ದಾಟಿದರೆ ಆ ಚುಕ್ಕೆಯಲ್ಲಿ ಇಟ್ಟ ಮುಳ್ಳು ಎರಡು ಕಡೆ ತೋರಿಸಬೇಕಾಗುತ್ತೆ. ಒಂದು ಮುಳ್ಳು ಎರಡು ಕಡೆ ತೋರಿಸಲು ಆಗಲ್ಲ ಅಲ್ವಾ? ಬಾಣದ ಗುರುತು ಹೊರಗೆ ಉತ್ತರ ಧ್ರುವದಿಂದ ದಕ್ಷಿಣಕ್ಕೆ, ಒಳಗೆ ದಕ್ಷಿಣದಿಂದ ಉತ್ತರಕ್ಕೆ. ಸುತ್ತು ಪೂರ್ತಿ ಆಗಬೇಕು. ಗೆರೆ ಒತ್ತಾಗಿ ಇದ್ದ ಕಡೆ ಕ್ಷೇತ್ರ ಜೋರು. ದೂರ ಹೋದಂತೆ ಇದು ಬೇಗ ಸೊರಗುತ್ತೆ. ಅಯಸ್ಕಾಂತದ ಉದ್ದಕ್ಕಿಂತ ತುಂಬಾ ದೂರದಲ್ಲಿ ನಿಂತು ಆ ದೂರವನ್ನು ಎರಡು ಪಟ್ಟು ಮಾಡಿದರೆ ಕ್ಷೇತ್ರ ಎಂಟನೇ ಒಂದು ಭಾಗಕ್ಕೆ ಇಳಿಯುತ್ತೆ. ಅದಕ್ಕೇ ಅಯಸ್ಕಾಂತ ಹತ್ತಿರ ಬರುವ ತನಕ ಸುಮ್ನೆ ಇದ್ದ ಮೊಳೆ ಒಮ್ಮೆಲೇ ಹಾರಿ ಅಂಟುವುದು.

ಪ್ರಶ್ನೆ: ದಿಕ್ಸೂಚಿಯ ಉತ್ತರ ಧ್ರುವ ಉತ್ತರಕ್ಕೆ ತಿರುಗುತ್ತೆ. ಸಜಾತೀಯ ಧ್ರುವಗಳು ವಿಕರ್ಷಿಸುತ್ತವೆ ಅಂತಲೂ ಓದಿದ್ದೇವೆ. ಹಾಗಾದರೆ ಉತ್ತರ ಧ್ರುವ ಉತ್ತರವನ್ನು ಹೇಗೆ ಹುಡುಕಿಕೊಂಡು ಹೋಗುತ್ತೆ? ಮಗನ ಜೊತೆ ವಾದ ಆಗಿ ಬರೆಯುತ್ತಿದ್ದೇನೆ. (ಬೆಳೆಗಾರರು, ನಾಪೋಕ್ಲು)

ಉತ್ತರ: ನಿಮ್ಮ ಮಗ ಏನು ವಾದ ಮಾಡಿದ ಅಂತ ನೀವು ಬರೆದಿಲ್ಲ. ಅವನು 'ಭೂಮಿಯ ಉತ್ತರದಲ್ಲಿ ಇರುವುದು ಕಾಂತೀಯ ದಕ್ಷಿಣ' ಅಂದಿದ್ದರೆ ಅವನದ್ದೇ ಸರಿ.

ಹೆಸರಿನಿಂದ ಬಂದ ಗೊಂದಲ ಇದು. ದಾರದಲ್ಲಿ ತೂಗು ಹಾಕಿದ ಅಯಸ್ಕಾಂತದ ಯಾವ ತುದಿ ಉತ್ತರಕ್ಕೆ ಹೋಗುತ್ತೋ ಅದಕ್ಕೆ 'ಉತ್ತರ' ಅಂತ ಹೆಸರಿಟ್ಟರು. 'ಉತ್ತರಕ್ಕೆ ಹೋಗುವ ತುದಿ' ಅನ್ನುವುದರ ಚಿಕ್ಕ ರೂಪ ಅಷ್ಟೇ. ಹಾಗಾದರೆ ಅದನ್ನು ಎಳೆಯುವ ಅಲ್ಲಿನ ಧ್ರುವ ದಕ್ಷಿಣದ ಜಾತಿಯದ್ದೇ ಆಗಿರಬೇಕು. ಭೂಮಿಯೇ ಒಂದು ದೊಡ್ಡ ಅಯಸ್ಕಾಂತ ಅಂತ 1600ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ಗಿಲ್ಬರ್ಟ್ ಬರೆದ. ಸುಮ್ನೆ ಬರೆದದ್ದಲ್ಲ, ಕಾಂತದ ಕಲ್ಲನ್ನು ಚೆಂಡಿನ ಹಾಗೆ ಕೊರೆಸಿ, ಅದರ ಮೇಲೆ ಪುಟ್ಟ ಮುಳ್ಳು ಓಡಾಡಿಸಿ, ಭೂಮಿಯ ಮೇಲೆ ದಿಕ್ಸೂಚಿ ಹೇಗೆ ನಿಲ್ಲುತ್ತೋ ಹಾಗೇ ನಿಲ್ಲುತ್ತೆ ಅಂತ ತೋರಿಸಿದ.

ಒಂದು ವಿಷಯ ಮಾತ್ರ ಮಗನಿಗೆ ಹೇಳಿ. ಪುಸ್ತಕದಲ್ಲಿ ಭೂಮಿಯ ಹೊಟ್ಟೆಯೊಳಗೆ ದಂಡಕಾಂತ, ಅಂದರೆ ಉದ್ದ ಪಟ್ಟಿಯ ಹಾಗಿರುವ ಅಯಸ್ಕಾಂತ, ಬರೆದಿರುತ್ತಾರೆ. ಅದು ನೆನಪಿಟ್ಟುಕೊಳ್ಳಲು ಮಾತ್ರ. ಕಬ್ಬಿಣ 770 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅಯಸ್ಕಾಂತವಾಗಿ ಉಳಿಯಲ್ಲ. ಭೂಮಿಯ ಒಳಗೆ ಅದಕ್ಕಿಂತ ಎಷ್ಟೋ ಪಟ್ಟು ಬಿಸಿ. ಅಲ್ಲಿ ಸುಮಾರು 2,900 ಕಿಲೋಮೀಟರ್ ಆಳದಿಂದ ಕೆಳಗೆ ಕರಗಿದ ಕಬ್ಬಿಣ ಹರಿದಾಡುತ್ತಿದೆ. ಅದರಲ್ಲಿ ವಿದ್ಯುತ್ ಪ್ರವಾಹ ಹುಟ್ಟುತ್ತೆ, ಆ ಪ್ರವಾಹದಿಂದ ಕ್ಷೇತ್ರ. ಹರಿಯುವ ವಸ್ತು ಆದ್ದರಿಂದಲೇ ಕಾಂತೀಯ ಧ್ರುವಗಳು ಒಂದೇ ಜಾಗದಲ್ಲಿ ಇರಲ್ಲ. ಉತ್ತರದ್ದು ಕೆನಡಾ ಕಡೆಯಿಂದ ಸೈಬೀರಿಯಾ ಕಡೆಗೆ ಸರಿಯುತ್ತಾ ಬಂದಿದೆ. ಸುಮಾರು 7.8 ಲಕ್ಷ ವರ್ಷಗಳ ಹಿಂದೆ ಇಡೀ ಕ್ಷೇತ್ರವೇ ತಲೆಕೆಳಗಾಗಿತ್ತು, ಅದರ ಗುರುತು ಹಳೆಯ ಲಾವಾ ಕಲ್ಲುಗಳಲ್ಲಿ ಉಳಿದಿದೆ.

ನಮ್ಮ ಊರಿನ ಮಾತು ಒಂದು ಸೇರಿಸುತ್ತೇನೆ. ಭೂಮಿಯ ಕಾಂತೀಯ ಸಮಭಾಜಕ, ಅಂದರೆ ಕ್ಷೇತ್ರ ನೆಲಕ್ಕೆ ಪೂರ್ತಿ ಸಮನಾಗಿರುವ ಜಾಗಗಳನ್ನು ಸೇರಿಸಿದ ಗೆರೆ, ದಕ್ಷಿಣ ಭಾರತದ ತುದಿಯ ಹತ್ತಿರವೇ ಹೋಗುತ್ತೆ. ತಿರುವನಂತಪುರದ ತುಂಬಾ ಅನ್ನುವ ಊರಿನಲ್ಲಿ 1963ರ ನವೆಂಬರ್ 21ರಂದು ದೇಶದ ಮೊದಲ ಸೌಂಡಿಂಗ್ ರಾಕೆಟ್ (ಮೇಲಿನ ವಾತಾವರಣ ಅಳೆಯುವ ಸಣ್ಣ ರಾಕೆಟ್) ಹಾರಿಸಲು ಆ ಜಾಗ ಆರಿಸಿದ್ದಕ್ಕೆ ಅದೇ ಕಾರಣ. ಕೊಡಗು ಅಲ್ಲಿಂದ ದೂರ ಇಲ್ಲ. ಹಾಗಾಗಿ ನಮ್ಮಲ್ಲಿ ಭೂಮಿಯ ಕ್ಷೇತ್ರ ಹೆಚ್ಚು ಕಡಿಮೆ ನೆಲಕ್ಕೆ ಸಮನಾಗಿ ಮಲಗಿರುತ್ತೆ. ಮುಳ್ಳಿನ ಉತ್ತರದ ತುದಿ ಸ್ವಲ್ಪವೇ ಕೆಳಕ್ಕೆ ಬಗ್ಗುತ್ತೆ. ಯೂರೋಪಿನಲ್ಲಿ ಅದು ತುಂಬಾ ಕಡಿದಾಗಿ ನೆಲದೊಳಕ್ಕೆ ತೋರಿಸುತ್ತೆ. ಅಲ್ಲಿಗೆ ಅಂತ ತೂಕ ಸರಿಮಾಡಿದ ದಿಕ್ಸೂಚಿಯನ್ನು ಇಲ್ಲಿಗೆ ತಂದರೆ ಮುಳ್ಳು ಒಂದು ಕಡೆ ವಾಲಿ ಗಾಜಿಗೆ ತಾಗುವುದೂ ಉಂಟು.

ಪ್ರಶ್ನೆ: ತಡಿಯಂಡಮೋಳ್ ಹತ್ತುವಾಗ ಮಂಜು ಮುಚ್ಚಿಕೊಂಡಿತು. ಬ್ಯಾಗಿನಲ್ಲಿದ್ದ ದಿಕ್ಸೂಚಿ ತೆಗೆದು ನೋಡಿದರೆ ಕೆಂಪು ತುದಿ ದಕ್ಷಿಣಕ್ಕೆ ತೋರಿಸುತ್ತಿದೆ! ಮೊದಲು ಸರಿ ಇತ್ತು. ಬೆಟ್ಟದಲ್ಲಿ ಕಬ್ಬಿಣ ಇದೆಯಾ? (ವಿರಾಜಪೇಟೆ)

ಉತ್ತರ: ಬೆಟ್ಟದ ತಪ್ಪಲ್ಲ. ನಿಮ್ಮ ಬ್ಯಾಗಿನೊಳಗೆ ನೋಡಿ. ಬ್ಲೂಟೂತ್ ಸ್ಪೀಕರ್, ಅಯಸ್ಕಾಂತದ ಬಟನ್ ಇರುವ ಫೋನ್ ಕವರ್, ಇಯರ್‌ಫೋನ್ ಡಬ್ಬ, ಇವುಗಳಲ್ಲಿ ಒಂದಾದರೂ ಇರುತ್ತೆ. ಈಗಿನ ನಿಯೋಡಿಮಿಯಂ ಅಯಸ್ಕಾಂತಗಳು ಚಿಕ್ಕದಾದರೂ ಭಾರಿ ಜೋರು. 1980ರ ದಶಕದಲ್ಲಿ ಬಂದವು ಅವು, ನಿಯೋಡಿಮಿಯಂ, ಕಬ್ಬಿಣ, ಬೋರಾನ್ ಸೇರಿಸಿ ಮಾಡಿದ್ದು. ಅಂಥದ್ದರ ಪಕ್ಕ ದಿಕ್ಸೂಚಿ ಒತ್ತಿಕೊಂಡು ಕೂತರೆ, ತಿರುಗಲು ಜಾಗ ಸಿಗದ ಮುಳ್ಳಿನ ಒಳಗಿನ ಕಾಂತತ್ವವೇ ಮಗುಚಿ ಹೋಗುತ್ತೆ. ಮುಳ್ಳಿನ ಬಣ್ಣ ಹಾಗೇ ಇರುತ್ತೆ, ಧ್ರುವ ಅದಲು ಬದಲು.

1,748 ಮೀಟರ್ ಬೆಟ್ಟದ ಮೇಲೆ ಮಂಜಿನಲ್ಲಿ ಇದು ಗೊತ್ತಾಗದೆ ಇಳಿದಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿ ನನಗೆ ನಿಜವಾಗಿ ಹೆದರಿಕೆ ಆಯಿತು. ದಯವಿಟ್ಟು ಹೊರಡುವ ಮುಂಚೆ ಮನೆ ಅಂಗಳದಲ್ಲೇ ಒಂದು ಸಲ ನೋಡಿಕೊಳ್ಳಿ. ಸೂರ್ಯ ಹುಟ್ಟುವ ಕಡೆ ಮುಖ ಮಾಡಿ ನಿಂತರೆ ಎಡಗೈ ಕಡೆ ಉತ್ತರ. ಸೂರ್ಯ ವರ್ಷವಿಡೀ ಸರಿಯಾಗಿ ಪೂರ್ವದಲ್ಲೇ ಹುಟ್ಟಲ್ಲ, ನಮ್ಮಲ್ಲಿ 24 ಡಿಗ್ರಿ ತನಕ ಆಚೆ ಈಚೆ ಹೋಗುತ್ತಾನೆ. ಆದರೂ ಉತ್ತರವೋ ದಕ್ಷಿಣವೋ ಅನ್ನುವ ಪರೀಕ್ಷೆಗೆ ಅಷ್ಟು ಸಾಕು.

ಸರಿ ಮಾಡುವುದು ಹೇಗೆ? ಗುರುತು ಇರುವ ಒಂದು ದಂಡಕಾಂತ ತೆಗೆದುಕೊಳ್ಳಿ. ಗುರುತು ಇಲ್ಲದಿದ್ದರೆ ಮಧ್ಯಕ್ಕೆ ದಾರ ಕಟ್ಟಿ ತೂಗಿ ಬಿಡಿ, ಅಲುಗಾಟ ನಿಂತಾಗ ಉತ್ತರಕ್ಕೆ ಇರುವ ತುದಿ ಉತ್ತರ ಧ್ರುವ. ಈಗ ದಕ್ಷಿಣ ಧ್ರುವವನ್ನು ದಿಕ್ಸೂಚಿಯ ಗಾಜಿನ ಮೇಲೆ, ಮುಳ್ಳಿನ ಬಿಳಿ ತುದಿಯಿಂದ ಕೆಂಪು ತುದಿ ಕಡೆಗೆ ಎಳೆಯಿರಿ. ಮುಳ್ಳು ತಿರುಗದ ಹಾಗೆ ಹಿಡಿಯುವ ಗುಂಡಿ ಇದ್ದರೆ ಒತ್ತಿಕೊಳ್ಳಿ. ತುದಿ ದಾಟಿದ ಮೇಲೆ ಅಯಸ್ಕಾಂತ ಮೇಲಕ್ಕೆತ್ತಿ ಮತ್ತೆ ಮೊದಲಿನಿಂದ. ಅದೇ ದಾರಿಯಲ್ಲಿ ಹಿಂದಕ್ಕೆ ಉಜ್ಜಬೇಡಿ. ದಕ್ಷಿಣ ಧ್ರುವ ಕೊನೆಗೆ ಬಿಟ್ಟು ಹೋದ ತುದಿ ಉತ್ತರ ಆಗುತ್ತೆ.

ಇನ್ನೊಂದು. ಕಾಡಿಗೆ ಹೋಗುವವರು ಕೋವಿ ಹಿಡಿದುಕೊಂಡೇ ದಿಕ್ಸೂಚಿ ನೋಡುವುದನ್ನು ಕಂಡಿದ್ದೇನೆ. ಉಕ್ಕಿನ ನಳಿಗೆ ಹತ್ತಿರ ಇದ್ದರೆ ಮುಳ್ಳು ಸರಿಯುತ್ತೆ. ಕತ್ತಿ, ಜೀಪಿನ ಬಾನೆಟ್, ತಗಡಿನ ಶೀಟ್ ಎಲ್ಲಾ ಹಾಗೇ. ಕೆಲವು ಹೆಜ್ಜೆ ದೂರ ನಿಂತು ನೋಡಿ. ಫೋನಿನ ದಿಕ್ಸೂಚಿಗೂ ಇದೇ ನಿಯಮ. ಅದರೊಳಗೆ ಮುಳ್ಳಿಲ್ಲ, ಕ್ಷೇತ್ರ ಅಳೆಯುವ ಚಿಪ್ ಇದೆ, ಆದರೆ ಅಯಸ್ಕಾಂತದ ಕವರ್ ಹಾಕಿದರೆ ಅದಕ್ಕೂ ದಿಕ್ಕು ತಪ್ಪುತ್ತೆ.

ಪ್ರಶ್ನೆ: ತಂತಿಯಲ್ಲಿ ವಿದ್ಯುತ್ ಹರಿದರೆ ದಿಕ್ಸೂಚಿ ತಿರುಗುತ್ತೆ ಅಂತ ಪಾಠ. ನಮ್ಮ ತೋಟದ ಹತ್ತಿರ ಹೈಟೆನ್ಷನ್ ಲೈನ್ ಹೋಗಿದೆ. ಅದರ ಕೆಳಗೆ ಹಿಡಿದು ನಿಂತೆ. ಒಂಚೂರೂ ಅಲುಗಲಿಲ್ಲ. ಪಾಠ ತಪ್ಪಾ? (ಪಿಯುಸಿ ವಿದ್ಯಾರ್ಥಿ, ದಕ್ಷಿಣ ಕೊಡಗು)

ಉತ್ತರ: ನೀನು ಹೋಗಿ ನೋಡಿದೆಯಲ್ಲಪ್ಪ, ಅದಕ್ಕೆ ಮೊದಲು ಶಾಭಾಷ್. ಪಾಠ ತಪ್ಪಲ್ಲ.

ಆ ಲೈನಿನಲ್ಲಿ ಹರಿಯುವುದು ಎ.ಸಿ. ಅಂದರೆ ಸೆಕೆಂಡಿಗೆ 50 ಸಲ ಹೋಗಿ ಬರುವ ಪ್ರವಾಹ. ಪ್ರವಾಹ ತಿರುಗಿದಾಗೆಲ್ಲಾ ಅದರ ಕ್ಷೇತ್ರವೂ ತಿರುಗುತ್ತೆ. ಮುಳ್ಳು ಈ ಕಡೆ ಹೊರಡುವಷ್ಟರಲ್ಲಿ 'ಆ ಕಡೆ' ಅಂತ ಎಳೆತ, ಆ ಕಡೆ ಹೊರಡುವಷ್ಟರಲ್ಲಿ ಮತ್ತೆ ಈ ಕಡೆ. ಅಷ್ಟು ಬೇಗ ಓಲಾಡಲು ಅದಕ್ಕೆ ಆಗಲ್ಲ, ಇದ್ದಲ್ಲೇ ನಿಲ್ಲುತ್ತೆ. ಜೊತೆಗೆ ತಂತಿ ತುಂಬಾ ಎತ್ತರ. ಮೂರು ಫೇಸಿನ ತಂತಿಗಳ ಕ್ಷೇತ್ರಗಳು ದೂರದಲ್ಲಿ ಒಂದನ್ನೊಂದು ಬಹುಪಾಲು ಕಳೆದುಕೊಳ್ಳುತ್ತವೆ.

ಮನೆಯಲ್ಲಿ ಡಿ.ಸಿ., ಅಂದರೆ ಒಂದೇ ಕಡೆಗೆ ಹರಿಯುವ ಪ್ರವಾಹ, ಇಟ್ಟು ನೋಡು. ಟಾರ್ಚಿನ ಒಂದೂವರೆ ವೋಲ್ಟಿನ ಸೆಲ್, ಒಂದು ಗೇಣು ತಂತಿ, ದಿಕ್ಸೂಚಿ. ತಂತಿಯನ್ನು ಮುಳ್ಳಿನ ಮೇಲೆ ಮುಳ್ಳಿನ ಉದ್ದಕ್ಕೇ, ಅಂದರೆ ಉತ್ತರ ದಕ್ಷಿಣಕ್ಕೆ ಹಿಡಿ. ಎರಡು ತುದಿಯನ್ನೂ ಸೆಲ್ಲಿಗೆ ಒಂದೆರಡು ಸೆಕೆಂಡ್ ಮಾತ್ರ ತಾಗಿಸು. ಜಾಸ್ತಿ ಹೊತ್ತು ಹಿಡಿದರೆ ತಂತಿ ಕೈ ಸುಡುತ್ತೆ, ಸೆಲ್ಲೂ ಹಾಳು. ತಾಗಿಸಿದ ಕೂಡಲೇ ಮುಳ್ಳು ಅಡ್ಡಕ್ಕೆ ವಾಲುತ್ತೆ. ಸೆಲ್ ತಿರುಗಿಸಿದರೆ ಇನ್ನೊಂದು ಕಡೆಗೆ. ತಂತಿಯನ್ನು ಮುಳ್ಳಿನ ಕೆಳಗೆ ಇಟ್ಟರೆ ಅದೂ ಉಲ್ಟಾ. 1820ರಲ್ಲಿ ಕೋಪನ್‌ಹೇಗನ್ನಿನಲ್ಲಿ ಹಾನ್ಸ್ ಕ್ರಿಶ್ಚಿಯನ್ ಆರ್ಸ್ಟೆಡ್ ಕಂಡದ್ದು ಇದೇ. ಅಲ್ಲಿ ತನಕ ವಿದ್ಯುತ್ ಬೇರೆ, ಅಯಸ್ಕಾಂತ ಬೇರೆ ಅಂತ ನಂಬಿದ್ದ ಲೋಕಕ್ಕೆ ಆ ಒಂದು ವಾಲುವಿಕೆ ಎಷ್ಟು ದೊಡ್ಡದು ಅಂತ ಯೋಚಿಸು. ಹನ್ನೊಂದು ವರ್ಷದ ಮೇಲೆ ಇಂಗ್ಲೆಂಡಿನ ವಿಜ್ಞಾನಿ ಮೈಕೆಲ್ ಫ್ಯಾರಡೆ ಇದನ್ನೇ ತಿರುಗಿಸಿ ಅಯಸ್ಕಾಂತ ಅಲುಗಿಸಿ ವಿದ್ಯುತ್ ಪಡೆದ. ನಿಮ್ಮ ಪಂಪ್‌ಸೆಟ್ ಮೋಟಾರು, ಮನೆಯ ಮಿಕ್ಸಿ, ಕರೆಂಟು ಹೋದಾಗ ಗುಡುಗುಡು ಅನ್ನುವ ಜನರೇಟರು, ಎಲ್ಲದರ ಬೇರು ಅಲ್ಲಿ.

ಲೆಕ್ಕ ಇಷ್ಟಪಡುವವನಾದರೆ ಒಂದು ಲೆಕ್ಕ. ತಂತಿಯಲ್ಲಿ 2 ಆಂಪಿಯರ್ ಹರಿದರೆ ಅದರಿಂದ 1 ಸೆಂಟಿಮೀಟರ್ ದೂರದಲ್ಲಿ ಕ್ಷೇತ್ರ 40 ಮೈಕ್ರೋಟೆಸ್ಲಾ (ಕ್ಷೇತ್ರ ಅಳೆಯುವ ಮಾನ ಟೆಸ್ಲಾ, ಅದರ ಹತ್ತು ಲಕ್ಷದಲ್ಲಿ ಒಂದು ಭಾಗ ಮೈಕ್ರೋಟೆಸ್ಲಾ). ನಮ್ಮ ಕಡೆ ಭೂಮಿಯ ಕ್ಷೇತ್ರವೂ ಹೆಚ್ಚು ಕಡಿಮೆ ಅಷ್ಟೇ. ಎರಡೂ ಸಮ ಬಲದಲ್ಲಿ ಒಂದಕ್ಕೊಂದು ಅಡ್ಡ ಎಳೆದರೆ ಮುಳ್ಳು ನಡುವೆ ನಿಲ್ಲಬೇಕು, ಸುಮಾರು 45 ಡಿಗ್ರಿಗೆ. ಒಂದು ಗೇಣು ತಂತಿ, ಒಂದು ಸೆಲ್, ಅದು ಇಡೀ ಭೂಮಿಯ ಎಳೆತಕ್ಕೆ ಸಮ ನಿಲ್ಲುತ್ತೆ. ನನಗೆ ಈ ಪಾಠದಲ್ಲಿ ಎಲ್ಲಕ್ಕಿಂತ ಇಷ್ಟವಾದ ಜಾಗ ಇದು.

ಇದರಿಂದ ತೊಂದರೆ ಪಟ್ಟವರ ಕಥೆಯೂ ಇದೆ. ಮುಂಬೈಯ ಕೊಲಾಬಾದಲ್ಲಿ 1841ರಿಂದ ಭೂಮಿಯ ಕಾಂತಕ್ಷೇತ್ರ ಅಳೆಯುವ ಕೇಂದ್ರ ಇತ್ತು. ಊರಿನಲ್ಲಿ ವಿದ್ಯುತ್ ಟ್ರಾಂ ಬರುತ್ತೆ ಅಂತಾದಾಗ, ಅದರ ಪ್ರವಾಹ ಅಳತೆ ಕೆಡಿಸುತ್ತೆ ಅಂತ ಕೇಂದ್ರವನ್ನೇ ಸಮುದ್ರದಾಚೆ ಅಲಿಬಾಗಿಗೆ ಒಯ್ದರು. 1904ರಿಂದ ಅಲ್ಲಿ ಅಳತೆ ನಡೆಯುತ್ತಿದೆ. ಅಲ್ಲಿನ ಕಟ್ಟಡಕ್ಕೂ ಕಾಂತಕ್ಕೆ ಅಂಟುವ ವಸ್ತು ಬಳಸಲಿಲ್ಲ.

ಕರೆಂಟಿನ ಪ್ಲಗ್ಗಿಗೆ ತಂತಿ ಸಿಕ್ಕಿಸಿ ಯಾರೂ ಇದನ್ನು ಮಾಡಬೇಡಿ. ಸೆಲ್ ಮಾತ್ರ. ಲೈನ್ ಕೆಳಗೂ ಉದ್ದ ಕೋಲು, ಅಲ್ಯೂಮಿನಿಯಂ ಏಣಿ ಹಿಡಿದು ಓಡಾಡಬೇಡಿ. ಕರಿಮೆಣಸು ಕುಯ್ಯುವ ಕಾಲದಲ್ಲಿ ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ಪ್ರಶ್ನೆ: ಉತ್ತರಕ್ಕೆ ತಲೆ ಹಾಕಿ ಮಲಗಬಾರದು ಅಂತ ನಮ್ಮ ಅತ್ತೆ ಹೇಳುತ್ತಿದ್ದರು. ಈಗ ಮೊಬೈಲಿನಲ್ಲಿ, ರಕ್ತದ ಕಬ್ಬಿಣವನ್ನು ಭೂಮಿಯ ಅಯಸ್ಕಾಂತ ತಲೆಗೆ ಎಳೆಯುತ್ತೆ ಅಂತ ಬರುತ್ತಿದೆ. ನಿಜವಾ? (ಗೃಹಿಣಿ, ಸೋಮವಾರಪೇಟೆ)

ಉತ್ತರ: ಅತ್ತೆಯವರ ಮಾತು ಬೇರೆ, ಮೊಬೈಲಿನ ಮಾತು ಬೇರೆ. ಮನೆಯ ಪದ್ಧತಿ ಅಂತ ನೀವು ದಕ್ಷಿಣಕ್ಕೋ ಪೂರ್ವಕ್ಕೋ ತಲೆ ಹಾಕಿ ಮಲಗಿದರೆ ಅದರಲ್ಲಿ ತಪ್ಪೇನಿಲ್ಲಮ್ಮ, ಮನಸ್ಸಿಗೆ ನೆಮ್ಮದಿ ಇದ್ದರೆ ನಿದ್ದೆ ಚೆನ್ನಾಗಿ ಬರುತ್ತೆ. ಆದರೆ ವಿಜ್ಞಾನದ ಹೆಸರಿನಲ್ಲಿ ಹೇಳುವ ಆ ಕಾರಣ ಸುಳ್ಳು.

ದೊಡ್ಡವರ ಮೈಯಲ್ಲಿ ಒಟ್ಟು ಕಬ್ಬಿಣ 3–4 ಗ್ರಾಂ. ಅದು ಮೊಳೆಯ ಹಾಗೆ ಗಟ್ಟಿ ಕಬ್ಬಿಣ ಅಲ್ಲ, ಬಹುಪಾಲು ಹಿಮೋಗ್ಲೋಬಿನ್ ಒಳಗೆ ಒಂದೊಂದೇ ಪರಮಾಣುವಾಗಿ ಕಟ್ಟಿಕೊಂಡಿದೆ. ಮೊಳೆ ಅಂಟುವುದು ಕೋಟಿ ಕೋಟಿ ಪರಮಾಣುಗಳು ಗುಂಪಾಗಿ ಒಂದೇ ಕಡೆ ಮುಖ ಮಾಡುವುದರಿಂದ. ರಕ್ತದಲ್ಲಿ ಆ ಗುಂಪೇ ಇಲ್ಲ. ಆಮ್ಲಜನಕ ತುಂಬಿದ ರಕ್ತವನ್ನು ಅಯಸ್ಕಾಂತ ತೀರಾ ಸಣ್ಣದಾಗಿ ದೂರ ತಳ್ಳುತ್ತೆ, ಎಳೆಯುವುದಲ್ಲ.

ಅದಕ್ಕಿಂತ ಒಳ್ಳೆ ಸಾಕ್ಷಿ ಎಂ.ಆರ್.ಐ. ನಮ್ಮವರು ಸ್ಕ್ಯಾನಿಗೆ ಮೈಸೂರಿಗೋ ಮಂಗಳೂರಿಗೋ ಹೋಗುತ್ತಾರಲ್ಲ, ಆ ಯಂತ್ರದ ಕ್ಷೇತ್ರ ಸಾಮಾನ್ಯವಾಗಿ 1.5 ಟೆಸ್ಲಾ. ಭೂಮಿಯ ಕ್ಷೇತ್ರಕ್ಕಿಂತ ಮೂವತ್ತು ಸಾವಿರ ಪಟ್ಟಿಗೂ ಜಾಸ್ತಿ. ಅದರೊಳಗೆ ಅರ್ಧ ಗಂಟೆ ಮಲಗಿದವರ ರಕ್ತ ತಲೆಗೆ ನುಗ್ಗಲ್ಲ, ಎದ್ದು ನಡೆದುಕೊಂಡು ಬರುತ್ತಾರೆ. ಹಾಗಿರುವಾಗ ಭೂಮಿಯ ಎಳೆತ ಏನು ಮಾಡೀತು? ಅಯಸ್ಕಾಂತದ ಬಳೆ, ಹಾಸಿಗೆ ಮಾರುವವರೂ ಇದೇ ರಕ್ತದ ಕಥೆ ಹೇಳುತ್ತಾರೆ. ದುಡ್ಡು ಕೊಡಬೇಡಿ. ಎದೆಯಲ್ಲಿ ಪೇಸ್‌ಮೇಕರ್ ಇರುವವರಂತೂ ಜೋರಾದ ಅಯಸ್ಕಾಂತವನ್ನು ಎದೆಯ ಹತ್ತಿರ ತರಲೇಬಾರದು.

ಪ್ರಶ್ನೆ: ಅಯಸ್ಕಾಂತ ಅಂಟಿದರೆ ಡೂಪ್ಲಿಕೇಟ್ ಸ್ಟೀಲ್, ಅಂಟದಿದ್ದರೆ ಅಸಲಿ ಅಂತ ಪಾತ್ರೆ ಅಂಗಡಿಯಲ್ಲಿ ಹೇಳಿದರು. ಅಸಲಿ ತಂದೆ. ಅದು ಇಂಡಕ್ಷನ್ ಒಲೆಯಲ್ಲಿ ಬಿಸಿಯೇ ಆಗುತ್ತಿಲ್ಲ! (ಕುಶಾಲನಗರ)

ಉತ್ತರ: ಎರಡೂ ಅಸಲಿ ಸ್ಟೀಲೇ. 304 ಅನ್ನುವ ಜಾತಿಯಲ್ಲಿ ಸುಮಾರು ಶೇ 18 ಕ್ರೋಮಿಯಂ, ಶೇ 8 ನಿಕ್ಕಲ್ ಇರುತ್ತೆ. ನಿಕ್ಕಲ್ ಸೇರಿದಾಗ ಪರಮಾಣುಗಳ ಜೋಡಣೆ ಬದಲಾಗಿ ಅಯಸ್ಕಾಂತಕ್ಕೆ ಅಂಟಲ್ಲ. 430 ಅನ್ನುವ ಜಾತಿಯಲ್ಲಿ ನಿಕ್ಕಲ್ ಇಲ್ಲದ ಹಾಗೇ, ಅದು ಅಂಟುತ್ತೆ. ಇನ್ನು ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಹಾಕಿದ ಅಗ್ಗದ ಜಾತಿ ಒಂದಿದೆ, 200ರ ಸರಣಿ ಅಂತಾರೆ, ಅದೂ ಅಂಟಲ್ಲ. ಹಾಗಾಗಿ ಅಯಸ್ಕಾಂತದಿಂದ ಗುಣಮಟ್ಟ ಹೇಳಲು ಬರಲ್ಲ.

ಇಂಡಕ್ಷನ್ ಒಲೆಗೆ ಮಾತ್ರ ತಳ ಅಂಟಲೇಬೇಕು. ಒಲೆಯ ಗಾಜಿನ ಕೆಳಗೆ ತಾಮ್ರದ ಸುರುಳಿ ಇದೆ. ಅದು ಸೆಕೆಂಡಿಗೆ ಸಾವಿರಾರು ಸಲ ತಿರುಗುವ ಕ್ಷೇತ್ರ ಹುಟ್ಟಿಸುತ್ತೆ, ಆ ಕ್ಷೇತ್ರ ಪಾತ್ರೆಯ ತಳದಲ್ಲೇ ಸುಳಿ ಸುಳಿಯಾಗಿ ಪ್ರವಾಹ ಹರಿಸುತ್ತೆ, ಅದರಿಂದ ತಳ ಕಾಯುತ್ತೆ. ಫ್ಯಾರಡೆಯ ಪಾಠವೇ ನಿಮ್ಮ ಅಡುಗೆಮನೆಯಲ್ಲಿದೆ. ಮುಂದಿನ ಸಲ ಅಂಗಡಿಗೆ ಒಂದು ಫ್ರಿಜ್ ಅಯಸ್ಕಾಂತ ಒಯ್ಯಿರಿ. ತಳಕ್ಕೆ ಗಟ್ಟಿಯಾಗಿ ಅಂಟಿದರೆ ತನ್ನಿ. ಅಂಚಿಗೆ ಇಟ್ಟು ನೋಡಬೇಡಿ. ಮಡಚಿದ, ಬಗ್ಗಿಸಿದ ಅಂಚಿನಲ್ಲಿ 304 ಕೂಡ ಸ್ವಲ್ಪ ಅಂಟಿ ಮೋಸ ಮಾಡುತ್ತೆ.

ಪ್ರಶ್ನೆ: ಅಯಸ್ಕಾಂತ ಕತ್ತರಿಸಿದರೆ ಬರೀ ಉತ್ತರ ಧ್ರುವ ಸಿಗುತ್ತಾ? (ಏಳನೇ ತರಗತಿ, ಶನಿವಾರಸಂತೆ)

ಉತ್ತರ: ಸಿಗಲ್ಲ ಪುಟ್ಟಾ. ಒಂದು ಸೂಜಿಯನ್ನು ಅಯಸ್ಕಾಂತದಿಂದ ಒಂದೇ ದಿಕ್ಕಿಗೆ ಮೂವತ್ತು ನಲವತ್ತು ಸಲ ಉಜ್ಜು. ಒಣಗಿದ ಎಲೆಯ ಮೇಲಿಟ್ಟು ಪ್ಲಾಸ್ಟಿಕ್ ಟಬ್ಬಿನ ನೀರಿನಲ್ಲಿ ತೇಲಿ ಬಿಡು. ಉತ್ತರ ದಕ್ಷಿಣಕ್ಕೆ ತಿರುಗಿ ನಿಲ್ಲುತ್ತೆ. ಆಮೇಲೆ ಅಪ್ಪನ ಹತ್ತಿರ ಇಕ್ಕಳದಿಂದ ಸೂಜಿ ಎರಡು ತುಂಡು ಮಾಡಿಸು, ಕಣ್ಣಿಗೆ ಚೂರು ಹಾರದ ಹಾಗೆ ಬಟ್ಟೆ ಸುತ್ತಿಕೊಂಡು. ಎರಡು ತುಂಡನ್ನೂ ಬೇರೆ ಬೇರೆ ಎಲೆಯಲ್ಲಿ ತೇಲಿಸು. ಎರಡೂ ಉತ್ತರ ದಕ್ಷಿಣಕ್ಕೇ ನಿಲ್ಲುತ್ತವೆ. ಅಂದರೆ ಎರಡಕ್ಕೂ ಎರಡು ಧ್ರುವ. ಎಷ್ಟು ತುಂಡು ಮಾಡಿದರೂ ಹಾಗೇ, ಏಕೆಂದರೆ ಒಳಗಿನ ಒಂದೊಂದು ಪರಮಾಣುವೂ ಪುಟ್ಟ ಅಯಸ್ಕಾಂತ. ಒಂಟಿ ಧ್ರುವವನ್ನು ವಿಜ್ಞಾನಿಗಳು ಹುಡುಕುತ್ತಲೇ ಇದ್ದಾರೆ, ಇನ್ನೂ ಸಿಕ್ಕಿಲ್ಲ.

ಪ್ರಶ್ನೆ: ಕೆಲವು ನಾಣ್ಯ ಅಂಟುತ್ತವೆ, ಕೆಲವು ಅಂಟಲ್ಲ. ಏಕೆ? (ಸಿದ್ದಾಪುರ)

ಉತ್ತರ: ಲೋಹ ಬೇರೆ ಬೇರೆ. ಒಂದು ರೂಪಾಯಿಯ ಸ್ಟೀಲ್ ನಾಣ್ಯ ಅಂಟುತ್ತೆ, ಅದು ಆಗಲೇ ಹೇಳಿದ 430ರ ಬಳಗದ ಸ್ಟೀಲ್. ತಾಮ್ರ ನಿಕ್ಕಲ್ ಸೇರಿಸಿದ ಹಳೆಯ ದಪ್ಪ ಐದು ರೂಪಾಯಿ ಅಂಟಲ್ಲ.

ಪ್ರಶ್ನೆ: ಹಸುವಿಗೆ ಅಯಸ್ಕಾಂತ ನುಂಗಿಸುತ್ತಾರೆ ಅಂತ ಕೇಳಿದೆ. ತಮಾಷೆಯಾ? (ಹೈನುಗಾರರು, ಗೋಣಿಕೊಪ್ಪ)

ಉತ್ತರ: ತಮಾಷೆ ಅಲ್ಲ. ಹುಲ್ಲಿನ ಜೊತೆ ತಂತಿ, ಮೊಳೆ ಹೊಟ್ಟೆಗೆ ಹೋದರೆ ಅವು ಎರಡನೇ ಹೊಟ್ಟೆಯಲ್ಲಿ ಕೂರುತ್ತವೆ. ಅದರ ಮುಂದೆಯೇ ಹೃದಯ. ಚುಚ್ಚಿಕೊಂಡು ಹೋದರೆ ಹಸು ಉಳಿಯುವುದು ಕಷ್ಟ. ನುಣುಪಾದ ಒಂದು ಅಯಸ್ಕಾಂತ ನುಂಗಿಸಿದರೆ ಅದೂ ಅಲ್ಲೇ ಕೂತು ತಂತಿಯನ್ನು ತನ್ನ ಮೈಗೆ ಅಂಟಿಸಿಕೊಳ್ಳುತ್ತೆ. ಪಶುವೈದ್ಯರೇ ಮಾಡಬೇಕು, ನೀವಾಗಿ ಮಾಡಬೇಡಿ.

ಮಕ್ಕಳ ಹೊಟ್ಟೆಗೆ ಮಾತ್ರ ಇದು ಪೂರ್ತಿ ಉಲ್ಟಾ. ಆಟಿಕೆಯ ಸಣ್ಣ ಅಯಸ್ಕಾಂತ ಎರಡು ನುಂಗಿದರೆ ಕರುಳಿನ ಎರಡು ಮಡಿಕೆಯ ಆಚೆ ಈಚೆ ನಿಂತು ಒಂದನ್ನೊಂದು ಎಳೆದುಕೊಂಡು, ನಡುವೆ ಸಿಕ್ಕಿದ ಕರುಳನ್ನು ತೂತು ಮಾಡುತ್ತವೆ. ನುಂಗಿದ ಅನುಮಾನ ಬಂದರೂ ಸಾಕು, ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ನಮ್ಮ ಶಾಲೆಯ ದಂಡಕಾಂತಗಳು ಗುಂಡುಸೂಜಿಯನ್ನೂ ಎತ್ತುತ್ತಿಲ್ಲ. ಹೊಸದಕ್ಕೆ ದುಡ್ಡಿಲ್ಲ. ಏನು ಮಾಡಲಿ? (ಶಿಕ್ಷಕಿ, ಭಾಗಮಂಡಲ ಹತ್ತಿರ)

ಉತ್ತರ: ಮೇಡಂ, ನಾನು ಓದಿದ ಶಾಲೆಯಲ್ಲೂ ಹೀಗೇ. ಇದ್ದದ್ದು ಒಂದೇ ದಂಡಕಾಂತ, ಅದೂ ಸೊರಗಿದ್ದು, ಮೇಲಿನ ಬಣ್ಣವೂ ತಪ್ಪು. ಕೆಂಪು ತುದಿ ಉತ್ತರ ಅಂತ ಇಡೀ ಕ್ಲಾಸು ಬರೆದುಕೊಂಡೆವು. ದಾರ ಕಟ್ಟಿ ತೂಗಿದ ದಿನ ಅದು ದಕ್ಷಿಣಕ್ಕೆ ನಿಂತಿತು. ನಮ್ಮ ಕೈಯೇ ಸರಿ ಇಲ್ಲ ಅಂದುಕೊಂಡು ಸುಮ್ನಾದೆವು, ಯಾರೂ ಕೇಳಲಿಲ್ಲ. ಆ ದಿನ ಕೇಳದೆ ಹೋದದ್ದು ನನಗೆ ಇವತ್ತಿಗೂ ನೋವು. ನಿಮ್ಮ ಮಕ್ಕಳಿಗೆ ಬಣ್ಣ ನಂಬಬೇಡಿ, ತೂಗಿ ನೋಡಿ ಅಂತಲೇ ಹೇಳಿಕೊಡಿ.

ಅಯಸ್ಕಾಂತ ಸೊರಗುವುದು ಬಿದ್ದು, ಕಾದು, ತಪ್ಪಾಗಿ ಇಟ್ಟು. ಒಳಗೆ ಸಾಲಾಗಿ ನಿಂತ ಪರಮಾಣು ಗುಂಪುಗಳು ಪೆಟ್ಟಿಗೆ ಚೆದುರುತ್ತವೆ. ಇಡುವಾಗ ಎರಡನ್ನು ಜೋಡಿಯಾಗಿ, ಒಂದರ ಉತ್ತರದ ಪಕ್ಕ ಇನ್ನೊಂದರ ದಕ್ಷಿಣ ಬರುವ ಹಾಗೆ, ನಡುವೆ ಮರದ ಪಟ್ಟಿ, ಎರಡು ತುದಿಗೂ ಮೆದು ಕಬ್ಬಿಣದ ತುಂಡು ಇಡಿ. ಸೊರಗಿದ್ದಕ್ಕೆ ಜೀವ ಬರಿಸಲು ಎರಡು ಜೋರಾದ ನಿಯೋಡಿಮಿಯಂ ಗುಂಡಿ ಸಾಕು. ಅವುಗಳ ಧ್ರುವ ಚಪ್ಪಟೆ ಮುಖಗಳಲ್ಲಿ ಇರುತ್ತೆ. ದಂಡದ ನಡುವಿನಿಂದ ಶುರು ಮಾಡಿ, ಒಂದು ಗುಂಡಿಯ ದಕ್ಷಿಣ ಮುಖವನ್ನು ಉತ್ತರ ಬೇಕಾದ ತುದಿಗೆ, ಇನ್ನೊಂದರ ಉತ್ತರ ಮುಖವನ್ನು ದಕ್ಷಿಣ ಬೇಕಾದ ತುದಿಗೆ ಎಳೆಯಿರಿ. ಎತ್ತಿ ಮತ್ತೆ ನಡುವಿಗೆ. ಇಪ್ಪತ್ತು ಸಲ. ಆಮೇಲೆ ದಂಡ ಮಗುಚಿ ಇನ್ನೊಂದು ಮುಖಕ್ಕೂ ಹಾಗೇ. ಹಳೆಯ ಉಕ್ಕಿನ ದಂಡಕ್ಕೆ ಇದು ಚೆನ್ನಾಗಿ ಹಿಡಿಯುತ್ತೆ.

ಅಲ್ಲಿ ತನಕ ಒಂದು ವಿದ್ಯುತ್ಕಾಂತ ಮಾಡಿಸಿ. ನಾಲ್ಕು ಇಂಚಿನ ಕಬ್ಬಿಣದ ಮೊಳೆ, ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಉಳಿದ ಎನಾಮಲ್ ತಾಮ್ರದ ತಂತಿ ನೂರು ಸುತ್ತು, ಒಂದು ಸೆಲ್. ಸುತ್ತು ಒಂದೇ ದಿಕ್ಕಿನಲ್ಲಿರಲಿ. ತಂತಿಯ ಎರಡು ತುದಿಯ ಎನಾಮಲ್ಲನ್ನು ಬ್ಲೇಡಿನಿಂದ ಕೆರೆದು ತೆಗೆಯಿರಿ. ಇದನ್ನು ಮರೆತರೆ ಏನೂ ಎತ್ತಲ್ಲ, ಮಕ್ಕಳು ಪಾಪ ಸೆಲ್ಲನ್ನೇ ಬೈಯುತ್ತಾರೆ. ಸುತ್ತು ಐವತ್ತಾದಾಗ ಎಷ್ಟು ಗುಂಡುಸೂಜಿ, ನೂರಾದಾಗ ಎಷ್ಟು ಅಂತ ಅವರ ಕೈಯಲ್ಲೇ ಎಣಿಸಿ ಬರೆಸಿ, ಆ ಪಟ್ಟಿಯನ್ನು ನನಗೂ ಕಳಿಸಿ.